ಜರ್ಮನಿಯ ಹಳ್ಳಿಗಾಡಿನ ವನ್ಯಪ್ರಾಣಿ–ಮನರಂಜನಾ ಉದ್ಯಾನಗಳಿಗೆ ಮಕ್ಕಳೊಂದಿಗೆ ಹೋಗುವವರಿಗೆ ಮಾರ್ಗದರ್ಶಿ

ಜರ್ಮನಿಯ ಬೆಟ್ಟಗುಡ್ಡಗಳ ಸೀಮೆಯಲ್ಲಿ, ನಗರಗಳಿಂದ ದೂರದಲ್ಲಿ, ಕಾಡಿನ ಅಂಚಿಗೆ ಅಂಟಿಕೊಂಡಂತೆ ಒಂದು ವಿಶಿಷ್ಟ ಬಗೆಯ ಉದ್ಯಾನಗಳಿವೆ. ಅವುಗಳ ಒಂದು ಭಾಗದಲ್ಲಿ ಜಿಂಕೆ, ಕಾಡುಹಂದಿ, ಕಾಡುಕುರಿ, ತೋಳ, ಲಿಂಕ್ಸ್, ಗೂಬೆಗಳಂತಹ ಯುರೋಪಿನ ಕಾಡುಪ್ರಾಣಿಗಳನ್ನು ವಿಶಾಲವಾದ ಆವರಣಗಳಲ್ಲಿ ಸಾಕಿರುತ್ತಾರೆ. ಇನ್ನೊಂದು ಭಾಗದಲ್ಲಿ ರೋಲರ್ ಕೋಸ್ಟರ್, ನೀರಿನ ಜಾರುದೋಣಿ, ತಿರುಗುವ ಕುದುರೆಗಳಂತಹ ಆಟಗಳಿರುತ್ತವೆ. ರೂಸ್ಟ್‌ನ ಯೂರೋಪಾ-ಪಾರ್ಕ್ ಅಥವಾ ಬ್ರೂಲ್‌ನ ಫಾಂಟಾಸಿಯಾಲಾಂಡ್‌ನಂತಹ ಪ್ರಸಿದ್ಧ ಉದ್ಯಾನಗಳ ಮುಂದೆ ಇವು ಸಣ್ಣವು. ಆದರೆ ಹತ್ತು ವರ್ಷದೊಳಗಿನ ಮಕ್ಕಳಿರುವ ಕುಟುಂಬಕ್ಕೆ ಇವೇ ಹೆಚ್ಚು ಒಗ್ಗುತ್ತವೆ ಎಂಬುದು ನನ್ನ ಅಭಿಪ್ರಾಯ. ಇಲ್ಲಿ ದಿನವಿಡೀ ಸರದಿ ಸಾಲಿನಲ್ಲಿ ನಿಲ್ಲಬೇಕಾಗಿಲ್ಲ, ಮತ್ತು ಆಟ ಬೇಡವೆನ್ನುವ ಅಜ್ಜ-ಅಜ್ಜಿಯರಿಗೂ ಕಾಡಿನ ದಾರಿಯಲ್ಲಿ ನಡೆಯುವ ಅವಕಾಶವಿರುತ್ತದೆ.

ಮೊದಲು ಯಾವ ಉದ್ಯಾನ ಎಂಬುದನ್ನು ತೀರ್ಮಾನಿಸಬೇಕು, ಏಕೆಂದರೆ ಈ ಗುಂಪಿನೊಳಗೇ ಸ್ವಭಾವದ ವ್ಯತ್ಯಾಸಗಳು ಬಹಳ. ಐಫೆಲ್ ಪ್ರದೇಶದಲ್ಲಿ ಬಿಟ್‌ಬುರ್ಗ್ ಬಳಿಯ ಗೊಂಡೋರ್ಫ್‌ನಲ್ಲಿರುವ ಐಫೆಲ್‌ಪಾರ್ಕ್ 1964ರಲ್ಲಿ ಆರಂಭವಾದುದು. ಅದು ಮೊದಲು ಪ್ರಾಣಿಗಳ ಉದ್ಯಾನವಾಗಿದ್ದು, ಆಟಗಳು ಅನಂತರ ಸೇರಿಕೊಂಡವು. ಮೋಸೆಲ್ ನದಿಯ ಕಣಿವೆಯ ಮೇಲ್ಭಾಗದಲ್ಲಿ, ಕೊಖೆಮ್ ಪಟ್ಟಣಕ್ಕೆ ಸಮೀಪದಲ್ಲಿರುವ ಕ್ಲೊಟ್ಟನ್ ಉದ್ಯಾನವೂ ಇದೇ ಜಾತಿಯದು. ಫ್ರೈಬುರ್ಗ್ ಸಮೀಪದ ಓಬರ್‌ರೀಡ್‌ನ ಸ್ಟೈನ್‌ವಾಸನ್-ಪಾರ್ಕ್ ಕಪ್ಪು ಅರಣ್ಯದ ಕಡಿದಾದ ಇಳಿಜಾರಿನಲ್ಲಿದ್ದು, ಅಲ್ಲಿನ 218 ಮೀಟರ್ ಉದ್ದದ ತೂಗುಸೇತುವೆ ಎತ್ತರಕ್ಕೆ ಹೆದರುವವರಿಗೆ ಹೇಳಿಸಿದ್ದಲ್ಲ. ಹೈಲ್‌ಬ್ರೊನ್ ಬಳಿಯ ಕ್ಲೇಬ್ರೊನ್‌ನಲ್ಲಿರುವ ಟ್ರಿಪ್ಸ್‌ಡ್ರಿಲ್‌ನದು ಇದಕ್ಕೆ ತದ್ವಿರುದ್ಧ ಕಥೆ. 1929ರಲ್ಲಿ ಒಂದು ಗಾಳಿಗಿರಣಿಯೊಳಗೆ ಜಾರುಬಂಡೆ ಇಟ್ಟು, ಅದರಲ್ಲಿ ಜಾರಿದ ಮುದುಕಿಯರು ಹರೆಯದವರಾಗುತ್ತಾರೆ ಎಂಬ ಹಳೆಯ ಹಾಸ್ಯವನ್ನೇ ಬಂಡವಾಳವಾಗಿಸಿಕೊಂಡು ಶುರುವಾದ ಈ ಉದ್ಯಾನ, 1972ರಲ್ಲಿ ಪ್ರಾಣಿಗಳ ವಿಭಾಗವನ್ನು ಸೇರಿಸಿಕೊಂಡಿತು. ಇಂದು ಅಲ್ಲಿ ಮರದ ಚೌಕಟ್ಟಿನ ‘ಮಾಮುಟ್’ನಂತಹ ದೊಡ್ಡ ರೋಲರ್ ಕೋಸ್ಟರ್‌ಗಳಿರುವುದರಿಂದ ಹದಿಹರೆಯದವರಿದ್ದರೆ ಅದನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಆನೆ, ಜಿರಾಫೆ, ಸಿಂಹಗಳನ್ನೇ ನೋಡಬೇಕೆಂದು ಮಕ್ಕಳು ಹಟ ಹಿಡಿದರೆ ಹ್ಯಾಂಬರ್ಗ್ ಮತ್ತು ಹ್ಯಾನೋವರ್ ನಡುವೆ ಹೋಡನ್‌ಹಾಗನ್‌ನಲ್ಲಿರುವ, 1974ರಲ್ಲಿ ಆರಂಭವಾದ ಸೆರೆಂಗೆಟಿ-ಪಾರ್ಕ್‌ಗೆ ಹೋಗಬೇಕು. ಅಲ್ಲಿ ಸ್ವಂತ ಕಾರಿನಲ್ಲೋ ಉದ್ಯಾನದ ಬಸ್ಸಿನಲ್ಲೋ ಕುಳಿತು ಪ್ರಾಣಿಗಳ ನಡುವೆ ಸಾಗಬಹುದು. ಮೂರು ವರ್ಷದ ಮಗುವಿದ್ದರೆ ಮಾತ್ರ ಜಿಂಕೆಗೆ ತನ್ನ ಕೈಯಾರೆ ಮೇವು ತಿನ್ನಿಸಬಹುದಾದ ಸಣ್ಣ ಉದ್ಯಾನವೇ ಮೇಲು ಎಂದು ನಾನು ಹೇಳುತ್ತೇನೆ. ಗಾಜಿನ ಹಿಂದಿನ ಸಿಂಹ ಆ ವಯಸ್ಸಿಗೆ ಚಿತ್ರದ ಸಿಂಹಕ್ಕಿಂತ ಹೆಚ್ಚೇನೂ ಅಲ್ಲ.

ಇವುಗಳಲ್ಲಿ ಹೆಚ್ಚಿನವು ವಸಂತದಿಂದ, ಅಂದರೆ ಸುಮಾರು ಈಸ್ಟರ್‌ನಿಂದ, ಅಕ್ಟೋಬರ್ ಕೊನೆ ಅಥವಾ ನವೆಂಬರ್ ಆರಂಭದವರೆಗೆ ಮಾತ್ರ ಪೂರ್ಣವಾಗಿ ತೆರೆದಿರುತ್ತವೆ. ಚಳಿಗಾಲದಲ್ಲಿ ಕೆಲವೆಡೆ ಪ್ರಾಣಿಗಳ ಭಾಗಕ್ಕಷ್ಟೇ ಪ್ರವೇಶವಿರುತ್ತದೆ; ಋತುವಿನ ಎರಡು ತುದಿಗಳಲ್ಲಿ ವಾರದ ಕೆಲವು ದಿನ ಪೂರ್ತಿ ಮುಚ್ಚುವ ಉದ್ಯಾನಗಳೂ ಇವೆ. ಆದ್ದರಿಂದ ಉದ್ಯಾನದ ಜಾಲತಾಣದಲ್ಲಿರುವ ದಿನದರ್ಶಿಯನ್ನು ನೋಡದೆ ಹೊರಡಬಾರದು.

ಜನಸಂದಣಿಯ ಲೆಕ್ಕ ಸ್ವಲ್ಪ ಸೂಕ್ಷ್ಮವಾದುದು. ಜರ್ಮನಿಯಲ್ಲಿ ಬೇಸಿಗೆಯ ಶಾಲಾರಜೆ ಸುಮಾರು ಆರು ವಾರಗಳದ್ದು, ಮತ್ತು ಅದು ಎಲ್ಲ ರಾಜ್ಯಗಳಲ್ಲಿ ಒಟ್ಟಿಗೆ ಬರುವುದಿಲ್ಲ. ಬವೇರಿಯಾ ಮತ್ತು ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯಗಳಲ್ಲಿ ಅದು ಜುಲೈ ಕೊನೆ ಅಥವಾ ಆಗಸ್ಟ್ ಆರಂಭದಿಂದ ಸೆಪ್ಟೆಂಬರ್ ಮಧ್ಯದವರೆಗೆ ನಡೆಯುತ್ತದೆ. ಉಳಿದ ರಾಜ್ಯಗಳ ರಜೆಗಳು ವರ್ಷದಿಂದ ವರ್ಷಕ್ಕೆ ಹಿಂದೆ ಮುಂದೆ ಸರಿಯುತ್ತವೆ. ಹೀಗಾಗಿ ಉದ್ಯಾನವಿರುವ ರಾಜ್ಯದ ರಜೆಯನ್ನಷ್ಟೇ ಅಲ್ಲದೆ ಗಡಿಯಾಚೆಯ ನೆರೆರಾಜ್ಯದ ರಜೆಯನ್ನೂ ನೋಡಿಕೊಂಡು ದಿನ ಗೊತ್ತುಮಾಡಬೇಕು. ಕ್ರಿಸ್ತನ ಸ್ವರ್ಗಾರೋಹಣದ ಹಬ್ಬ ಯಾವಾಗಲೂ ಗುರುವಾರವೇ ಬರುತ್ತದೆ. ಅದರ ಮರುದಿನದ ಶುಕ್ರವಾರವನ್ನೂ ರಜೆ ಹಾಕಿ ನಾಲ್ಕು ದಿನ ಜೋಡಿಸಿಕೊಳ್ಳುವುದು ಅಲ್ಲಿನವರ ಅಭ್ಯಾಸವಾದ್ದರಿಂದ ಆ ಶುಕ್ರವಾರವನ್ನು ಕೆಲಸದ ದಿನವೆಂದು ನಂಬಿ ಹೋಗಬಾರದು. ಬೇಸಿಗೆ ರಜೆಗೆ ಮುಂಚಿನ ವಾರಗಳಲ್ಲಿ ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ಬರುತ್ತವೆ, ಆದರೆ ಮಧ್ಯಾಹ್ನ ಕಳೆಯುತ್ತಿದ್ದಂತೆ ಅವು ಮರಳಿ ಹೊರಡುವುದರಿಂದ ಅಂಥ ದಿನಗಳ ಸಂಜೆ ಅಚ್ಚರಿಯೆನಿಸುವಷ್ಟು ಖಾಲಿಯಾಗಿರುತ್ತದೆ.

ಪ್ರಾಣಿಗಳನ್ನು ನೋಡುವುದೇ ಮುಖ್ಯವಾದರೆ ಅವುಗಳ ಪಂಚಾಂಗವನ್ನೂ ಗಮನಿಸಬೇಕು. ಮಾರ್ಚ್‌ನಿಂದ ಮೇವರೆಗೆ ಕಾಡುಹಂದಿಯ ಮರಿಗಳು ಮೈಮೇಲೆ ಉದ್ದುದ್ದ ಪಟ್ಟೆಗಳನ್ನು ಹೊತ್ತು ತಾಯಿಯ ಹಿಂದೆ ಸಾಲಾಗಿ ಓಡುತ್ತಿರುತ್ತವೆ. ಕೆಲವು ತಿಂಗಳಲ್ಲಿ ಆ ಪಟ್ಟೆಗಳು ಮಾಯವಾಗುತ್ತವೆ. ಜಿಂಕೆಮರಿಗಳನ್ನು ನೋಡಲು ಜೂನ್ ತಿಂಗಳು ಪ್ರಶಸ್ತ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಕೆಂಪುಜಿಂಕೆಗಳಿಗೆ ಬೆದೆಯ ಕಾಲ. ಆಗ ಗಂಡುಗಳು ಕತ್ತು ಚಾಚಿ ಕೂಗುವ ದನಿ ಕಣಿವೆಯುದ್ದಕ್ಕೂ ಕೇಳಿಸುತ್ತದೆ, ಕೊಂಬಿಗೆ ಕೊಂಬು ಕೊಟ್ಟು ಕಾದಾಡುವುದನ್ನೂ ಕಾಣಬಹುದು. ಇದೇ ಕಾಲದಲ್ಲಿ ಗಂಡುಗಳು ಮನುಷ್ಯರ ಮೇಲೂ ಎರಗಬಲ್ಲವು. ಹೀಗಾಗಿ ಜನರು ಜಿಂಕೆಗಳ ನಡುವೆಯೇ ನಡೆಯಬಹುದಾದ ಆವರಣಗಳನ್ನು ಆ ದಿನಗಳಲ್ಲಿ ಮುಚ್ಚಿದ್ದರೆ ಬೇಸರಪಡಬಾರದು. ಕೊಂಬಿಲ್ಲದ ಗಂಡುಜಿಂಕೆಯನ್ನು ವಸಂತದಲ್ಲಿ ಕಂಡು ಅದಕ್ಕೆ ಪೆಟ್ಟಾಗಿದೆ ಎಂದು ಮಕ್ಕಳು ಮರುಗಿದರೆ, ಅವು ಪ್ರತಿವರ್ಷ ಕೊಂಬು ಉದುರಿಸಿ ಹೊಸದನ್ನು ಬೆಳೆಸಿಕೊಳ್ಳುತ್ತವೆ ಎಂದು ತಿಳಿಸಿ ಹೇಳಬಹುದು.

ಟಿಕೆಟ್ಟಿನ ವಿಷಯದಲ್ಲಿ ಹೊಸಬರಿಗೆ ವಿಚಿತ್ರವೆನಿಸುವ ಪದ್ಧತಿಯೊಂದಿದೆ: ಹಲವು ಉದ್ಯಾನಗಳು ಮಕ್ಕಳ ದರವನ್ನು ವಯಸ್ಸಿನಿಂದಲ್ಲದೆ ಎತ್ತರದಿಂದ ನಿರ್ಧರಿಸುತ್ತವೆ. ಒಂದು ಮೀಟರಿನ ಆಸುಪಾಸಿನ ಗೆರೆಗಿಂತ ಗಿಡ್ಡವಾಗಿರುವ ಮಗುವಿಗೆ ಪ್ರವೇಶ ಉಚಿತವಾಗಿರಬಹುದು. ಮನೆಯಲ್ಲೇ ಮಕ್ಕಳ ಎತ್ತರವನ್ನು ಅಳೆದು ಬರೆದಿಟ್ಟುಕೊಂಡರೆ ಟಿಕೆಟ್ ಕೊಳ್ಳುವಾಗಲೂ ಮುಂದೆ ಆಟಗಳ ಬಳಿಯೂ ಅದು ಉಪಯೋಗಕ್ಕೆ ಬರುತ್ತದೆ. ಅಂತರಜಾಲದಲ್ಲಿ ಮುಂಗಡವಾಗಿ ಕೊಂಡರೆ ದರ ಕಡಿಮೆಯಾಗುವುದು ಸಾಮಾನ್ಯ. ಆದರೆ ಆ ಟಿಕೆಟ್ ಒಂದೇ ದಿನಕ್ಕೆ ಕಟ್ಟುಬಿದ್ದಿದೆಯೇ ಎಂಬುದನ್ನು ಹಣ ಕಟ್ಟುವ ಮೊದಲು ಓದಿಕೊಳ್ಳಬೇಕು, ಏಕೆಂದರೆ ಅಲ್ಲಿನ ಮಳೆ ಮುನ್ಸೂಚನೆ ಕೊಟ್ಟು ಬರುವುದು ಕಡಿಮೆ.

ತಲುಪುವುದಕ್ಕೆ ಕಾರು ಇದ್ದರೆ ಸುಲಭ. ಹನ್ನೆರಡು ವರ್ಷ ತುಂಬುವವರೆಗೆ ಅಥವಾ 150 ಸೆಂಟಿಮೀಟರ್ ಎತ್ತರ ಬೆಳೆಯುವವರೆಗೆ ಮಕ್ಕಳನ್ನು ಅವರಿಗೆ ತಕ್ಕ ಆಸನದಲ್ಲಿ ಕೂರಿಸಲೇಬೇಕೆಂಬುದು ಜರ್ಮನಿಯ ಕಾನೂನಾಗಿದ್ದು, ಬಾಡಿಗೆ ಕಾರಾದರೆ ಆ ಆಸನವನ್ನು ಮೊದಲೇ ಕೇಳಿ ಕಾಯ್ದಿರಿಸಬೇಕು. ರೈಲು ಮತ್ತು ಬಸ್ಸನ್ನು ನಂಬುವವರು ಹೆಚ್ಚು ಯೋಚಿಸಬೇಕಾಗುತ್ತದೆ. ರೈಲು ಹತ್ತಿರದ ಪಟ್ಟಣದವರೆಗೆ ತಪ್ಪದೆ ಒಯ್ಯುತ್ತದೆ. ತೊಂದರೆ ಇರುವುದು ಕೊನೆಯ ಕೆಲವು ಕಿಲೋಮೀಟರುಗಳಲ್ಲಿ. ಹಳ್ಳಿಯ ಬಸ್ಸುಗಳು ಶಾಲೆಯ ವೇಳೆಗೆ ಹೊಂದಿಕೊಂಡು ಓಡುವುದರಿಂದ ಶನಿವಾರ, ಭಾನುವಾರಗಳಲ್ಲಿ ತೀರಾ ವಿರಳವಾಗುತ್ತವೆ, ಮತ್ತು ಕೆಲವು ಮಾರ್ಗಗಳಲ್ಲಿ ಮುಂಚಿತವಾಗಿ ದೂರವಾಣಿಯಲ್ಲಿ ಹೇಳಿದರೆ ಮಾತ್ರ ಬರುವ ‘ರೂಫ್‌ಬುಸ್’ ವ್ಯವಸ್ಥೆಯಿರುತ್ತದೆ. ಹೋಗುವ ಬಸ್ಸಿಗಿಂತ ಮರಳುವ ಕೊನೆಯ ಬಸ್ಸಿನ ವೇಳೆಯನ್ನು ಮೊದಲು ಖಚಿತಪಡಿಸಿಕೊಳ್ಳಿ. ಐದು ಜನರವರೆಗೆ ಒಟ್ಟಿಗೆ ಪ್ರಯಾಣಿಸಬಹುದಾದ ರಾಜ್ಯವಾರು ದಿನದ ಟಿಕೆಟ್ ಕುಟುಂಬಕ್ಕೆ ಲಾಭದಾಯಕವಾದರೂ ಕೆಲಸದ ದಿನಗಳಲ್ಲಿ ಅದು ಬೆಳಿಗ್ಗೆ 9ರ ಅನಂತರವೇ ಚಾಲ್ತಿಗೆ ಬರುತ್ತದೆ. ಬಾಗಿಲು ತೆರೆಯುವ ಹೊತ್ತಿಗೆ ಉದ್ಯಾನದಲ್ಲಿರಬೇಕೆನ್ನುವವರಿಗೆ ಆದ್ದರಿಂದ ಅದು ವಾರಾಂತ್ಯದಲ್ಲೇ ಹೆಚ್ಚು ಪ್ರಯೋಜನಕರ. ‘ಡಾಯ್ಚ್‌ಲಾಂಡ್-ಟಿಕೆಟ್’ ಎಂಬ ಮಾಸಿಕ ಚೀಟಿ ಇರುವವರಿಗೆ ಈ ವೇಳೆಯ ಕಟ್ಟುಪಾಡಿಲ್ಲ. 2026ರ ಜನವರಿಯಿಂದ ತಿಂಗಳಿಗೆ 63 ಯೂರೋ ಆಗಿರುವ ಅದು ಪ್ರಾದೇಶಿಕ ರೈಲು ಮತ್ತು ಬಸ್ಸುಗಳಲ್ಲಿ ನಡೆಯುತ್ತದೆ, ವೇಗದೂತ ಐಸಿಇ ರೈಲುಗಳಲ್ಲಿ ನಡೆಯುವುದಿಲ್ಲ.

ಭಾನುವಾರ ಹೋಗುವುದಾದರೆ ಬುತ್ತಿಯ ಸಾಮಾನುಗಳನ್ನು ಶನಿವಾರವೇ ಕೊಂಡಿಡಬೇಕು, ಏಕೆಂದರೆ ಜರ್ಮನಿಯಲ್ಲಿ ಭಾನುವಾರ ಪೆಟ್ರೋಲ್ ಬಂಕು ಮತ್ತು ದೊಡ್ಡ ರೈಲು ನಿಲ್ದಾಣಗಳ ಮಳಿಗೆಗಳಂತಹ ಕೆಲವನ್ನು ಬಿಟ್ಟರೆ ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಹೊರಗಿನ ಆಹಾರವನ್ನು ಒಳಗೆ ಒಯ್ಯಲು ಇಂತಹ ಉದ್ಯಾನಗಳಲ್ಲಿ ಸಾಮಾನ್ಯವಾಗಿ ಅಡ್ಡಿಯಿಲ್ಲ. ಮರದ ಮೇಜು, ಬೆಂಚುಗಳನ್ನೂ ಕೆಲವೆಡೆ ಬಾಡಿಗೆಯ ಇದ್ದಿಲೊಲೆ ಮನೆಗಳನ್ನೂ ಕಟ್ಟಿಸಿಟ್ಟಿರುತ್ತಾರೆ. ಸಸ್ಯಾಹಾರಿಗಳಿಗೆ ಒಳಗಿನ ಉಪಾಹಾರ ಗೃಹದಲ್ಲಿ ಆಲೂಗಡ್ಡೆಯ ಪೊಮೆಸ್, ವಾಫಲ್, ಬ್ರೆಟ್ಸೆಲ್ ಸಿಗುತ್ತವೆ. ದಕ್ಷಿಣದಲ್ಲಾದರೆ ಚೀಸ್ ಬೆರೆಸಿದ ಹಿಟ್ಟಿನ ತಿನಿಸಾದ ಸ್ಪೆಟ್ಸ್‌ಲೆ ಸಿಗಬಹುದು. ತರಕಾರಿ ಸಾರು ಎಂದು ಬರೆದಿದ್ದರೂ ಅದರಲ್ಲಿ ಹಂದಿಮಾಂಸದ ಚೂರುಗಳಿರಬಹುದಾದ್ದರಿಂದ ಕೇಳಿಯೇ ಕೊಳ್ಳಬೇಕು. ಸ್ವಲ್ಪ ನಗದು, ಅದರಲ್ಲೂ 50 ಸೆಂಟ್ ಮತ್ತು 1 ಯೂರೋ ನಾಣ್ಯಗಳು ಜೇಬಿನಲ್ಲಿರಲಿ. ಮೇವಿನ ಯಂತ್ರಗಳಿಗೆ ಅವು ಬೇಕು. ಇಳಿಜಾರಿನ ದಾರಿಯಲ್ಲಿ ಚಿಕ್ಕ ಚಕ್ರದ ತಳ್ಳುಬಂಡಿ ಮಗುವಿಗೂ ತಳ್ಳುವವರಿಗೂ ಹಿಂಸೆ. ‘ಬೋಲ್ಲರ್‌ವಾಗನ್’ ಎಂಬ ಮರದ ಕೈಗಾಡಿ ಬಾಡಿಗೆಗೆ ಸಿಕ್ಕರೆ ಅದನ್ನೇ ಪಡೆಯುವುದು ವಾಸಿ. ನಿದ್ದೆಹೋದ ಮಗು, ಬುತ್ತಿ, ಮಳೆಯಂಗಿ ಎಲ್ಲವೂ ಅದರಲ್ಲಿ ಹಿಡಿಯುತ್ತವೆ.

ಇನ್ನು ಒಳಗೆ ಹೊಕ್ಕ ಮೇಲಿನ ಮಾತು. ಬಾಗಿಲು ತೆರೆದ ಕೂಡಲೇ ಹೆಚ್ಚಿನವರು ರೋಲರ್ ಕೋಸ್ಟರ್ ಕಡೆಗೆ ಓಡುತ್ತಾರೆ, ಆದರೆ ಹಲವು ಉದ್ಯಾನಗಳಲ್ಲಿ ಆಟಗಳು ಬಾಗಿಲು ತೆರೆದ ಎಷ್ಟೋ ಹೊತ್ತಿನ ಅನಂತರ ಶುರುವಾಗುತ್ತವೆ. ಆ ವೇಳೆಯನ್ನು ಪ್ರಾಣಿಗಳಿಗೆ ಕೊಡಬೇಕೆಂಬುದೇ ಈ ಬರಹದ ಮುಖ್ಯ ಸಲಹೆ. ಬೆಳಗಿನಲ್ಲಿ ಜಿಂಕೆಗಳು ಹಸಿದಿರುತ್ತವೆ, ಬೇಲಿಯ ಬಳಿ ತಾವಾಗಿಯೇ ಬರುತ್ತವೆ. ಮಧ್ಯಾಹ್ನದ ಹೊತ್ತಿಗೆ ನೂರಾರು ಕೈಗಳಿಂದ ತಿಂದು ತಣಿದು, ಮರದ ನೆರಳಿನಲ್ಲಿ ಮಲಗಿ ಮೆಲುಕು ಹಾಕುತ್ತಿರುತ್ತವೆ. ಆಗ ಮೇವಿನ ಪೊಟ್ಟಣ ಹಿಡಿದು ಬೇಲಿಯ ಬಳಿ ನಿಂತ ಮಗುವಿನ ಕಡೆ ಅವು ತಿರುಗಿಯೂ ನೋಡುವುದಿಲ್ಲ. ತೋಳ ಮತ್ತು ಲಿಂಕ್ಸ್‌ಗಳ ವಿಷಯದಲ್ಲಂತೂ ನಡುಹಗಲು ಬರೀ ಖಾಲಿ ಆವರಣವನ್ನು ನೋಡುವುದಾಗುತ್ತದೆ. ಅವುಗಳಿಗೆ ಆಹಾರ ಹಾಕುವ ವೇಳೆಯನ್ನೂ ಹದ್ದು, ಗಿಡುಗ, ಗೂಬೆಗಳ ಹಾರಾಟ ಪ್ರದರ್ಶನದ ವೇಳೆಯನ್ನೂ ಪ್ರವೇಶದ್ವಾರದ ಫಲಕದಲ್ಲಿ ನೋಡಿ ಬರೆದುಕೊಂಡು, ದಿನದ ಉಳಿದ ಕಾರ್ಯಕ್ರಮವನ್ನು ಆ ವೇಳೆಗಳ ಸುತ್ತ ಹೊಂದಿಸಬೇಕು. ಹಕ್ಕಿಗಳ ಪ್ರದರ್ಶನ ನಡೆಯುವಾಗ ಎದ್ದು ನಿಲ್ಲುವುದು, ಮಗುವನ್ನು ಹೆಗಲ ಮೇಲೆ ಎತ್ತುವುದು, ತಿನಿಸನ್ನು ಕೈಯಲ್ಲಿ ಹಿಡಿದಿರುವುದು ತರವಲ್ಲ, ಏಕೆಂದರೆ ಅವು ಪ್ರೇಕ್ಷಕರ ತಲೆಗೆ ತಾಗುವಷ್ಟು ತಗ್ಗಿನಲ್ಲಿ ಹಾರುತ್ತವೆ.

ಮೇವಿನ ನಿಯಮ ಒಂದೇ: ಉದ್ಯಾನದವರು ಮಾರುವ ಮೇವನ್ನು, ಅವರು ಹೇಳಿದ ಪ್ರಾಣಿಗಳಿಗೆ ಮಾತ್ರ ಹಾಕುವುದು. ಇದು ಹಣ ಮಾಡುವ ಉಪಾಯ ಎಂದು ಮೂಗು ಮುರಿಯುವವರಿದ್ದಾರೆ, ಆದರೆ ಕಾರಣ ಬೇರೆಯೇ ಇದೆ. ಜಿಂಕೆ, ಮೇಕೆ, ಮುಫ್ಲಾನ್ ಕಾಡುಕುರಿಗಳು ಮೆಲುಕು ಹಾಕುವ ಪ್ರಾಣಿಗಳು. ಅವುಗಳ ಮೊದಲ ಹೊಟ್ಟೆಯಲ್ಲಿ ನಾರನ್ನು ನಿಧಾನವಾಗಿ ಕೊಳೆಯಿಸುವ ಸೂಕ್ಷ್ಮಜೀವಿಗಳಿರುತ್ತವೆ. ಬ್ರೆಡ್ಡು, ಬಿಸ್ಕತ್ತುಗಳ ಪಿಷ್ಟ ಅಲ್ಲಿ ಬೇಗ ಹುದುಗಿ ಆಮ್ಲ ಏರುತ್ತದೆ, ಹೊಟ್ಟೆಯುಬ್ಬರವಾಗುತ್ತದೆ, ಪ್ರಾಣಿ ಸಾಯಲೂಬಹುದು. ಒಬ್ಬರು ಕೊಡುವ ಒಂದು ತುಂಡು ಏನೂ ಮಾಡದಿರಬಹುದು. ದಿನಕ್ಕೆ ಸಾವಿರ ಜನ ಒಂದೊಂದು ತುಂಡು ಕೊಟ್ಟರೆ ಪರಿಣಾಮ ಗೊತ್ತೇ ಇದೆ. ದಾರಿಬದಿಯ ಸೊಪ್ಪನ್ನು ಕಿತ್ತು ಕೊಡುವುದೂ ಬೇಡ. ಜರ್ಮನಿಯ ತೋಟಗಳಲ್ಲಿ ಸಾಮಾನ್ಯವಾಗಿರುವ ‘ಐಬೆ’ ಎಂಬ ಗಿಡದ ಎಲೆ ಕುದುರೆ ಮತ್ತು ಮೇಕೆಗಳಿಗೆ ಕೊಲ್ಲುವ ವಿಷ. ಮಗುವಿಗೆ ಅಂಗೈಯನ್ನು ಚಪ್ಪಟೆಯಾಗಿ ಚಾಚಿ, ಹೆಬ್ಬೆರಳನ್ನು ಪಕ್ಕಕ್ಕೆ ಅಂಟಿಸಿಕೊಂಡು ಮೇವು ನೀಡುವುದನ್ನು ಮೊದಲು ತೋರಿಸಿಕೊಡಿ. ಬೆರಳ ತುದಿಯಲ್ಲಿ ಹಿಡಿದು ಕೊಟ್ಟರೆ ಮೇವಿನ ಜೊತೆ ಬೆರಳೂ ಬಾಯಿಗೆ ಹೋಗುತ್ತದೆ. ಮುಗಿದ ಮೇಲೆ ಸೋಪಿನಿಂದ ಕೈ ತೊಳೆದೇ ಬುತ್ತಿ ಬಿಚ್ಚಬೇಕು.

ಕಾಡುಹಂದಿಗಳ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚಿರಬೇಕು. ಆಫ್ರಿಕನ್ ಹಂದಿಜ್ವರ 2020ರ ಸೆಪ್ಟೆಂಬರ್‌ನಲ್ಲಿ ಬ್ರಾಂಡೆನ್‌ಬುರ್ಗ್ ರಾಜ್ಯದ ಮೂಲಕ ಜರ್ಮನಿಯನ್ನು ಹೊಕ್ಕಿತು. 2024ರ ಬೇಸಿಗೆಯಲ್ಲಿ ಹೆಸ್ಸೆನ್ ಮತ್ತು ರೈನ್‌ಲಾಂಡ್-ಫಾಲ್ಟ್ಸ್ ರಾಜ್ಯಗಳಲ್ಲೂ ಕಾಣಿಸಿಕೊಂಡಿತು. ಈ ವೈರಾಣು ಮನುಷ್ಯರಿಗೆ ಏನೂ ಮಾಡುವುದಿಲ್ಲ, ಆದರೆ ತಗುಲಿದ ಹಂದಿಗಳಲ್ಲಿ ಬದುಕಿ ಉಳಿಯುವವು ತೀರ ಕಡಿಮೆ. ಬೇಯಿಸದ ಸಾಸೇಜು, ಹ್ಯಾಮುಗಳಲ್ಲಿ ಅದು ತಿಂಗಳುಗಟ್ಟಲೆ ಜೀವಂತವಾಗಿರಬಲ್ಲದು, ಮತ್ತು ಯಾರೋ ಎಸೆದ ಅರ್ಧ ಸ್ಯಾಂಡ್‌ವಿಚ್ ಒಂದು ಇಡೀ ಹಿಂಡಿಗೆ ಮುಳುವಾಗಬಹುದು. ಹೀಗಾಗಿ ಉಳಿದ ಆಹಾರವನ್ನು ಮುಚ್ಚಳವಿರುವ ಕಸದ ಡಬ್ಬಿಗೇ ಹಾಕಬೇಕು. ಕಾಲುಬಾಯಿ ರೋಗದ ಭಯವೂ ಇದೇ ಬಗೆಯದು. 2025ರ ಜನವರಿಯಲ್ಲಿ ಬರ್ಲಿನ್ ಹೊರವಲಯದ ಎಮ್ಮೆಗಳ ಹಿಂಡೊಂದರಲ್ಲಿ ಅದು ಕಾಣಿಸಿಕೊಂಡಾಗ ಬರ್ಲಿನ್‌ನ ಮೃಗಾಲಯಗಳು ಕೆಲಕಾಲ ಬಾಗಿಲು ಮುಚ್ಚಬೇಕಾಯಿತು. ಯುರೋಪಿನ ಒಕ್ಕೂಟದ ಹೊರಗಿನ ದೇಶಗಳಿಂದ ಬರುವ ಪ್ರವಾಸಿಗರು ಮಾಂಸವನ್ನಾಗಲಿ, ಹಾಲಿನ ಪದಾರ್ಥಗಳನ್ನಾಗಲಿ ಚೀಲದಲ್ಲಿ ತರಬಾರದೆಂಬ ನಿಯಮದ ಹಿಂದೆಯೂ ಇಂತಹ ರೋಗಗಳ ಭಯವಿದೆ. ಊರಿನಲ್ಲಿ ಕೊಟ್ಟಿಗೆ, ಹಟ್ಟಿಗಳಲ್ಲಿ ಓಡಾಡಿ ಬಂದ ನೆಂಟರನ್ನು ಇಂತಹ ಉದ್ಯಾನಕ್ಕೆ ಕರೆದೊಯ್ಯುವುದಾದರೆ ಆ ಚಪ್ಪಲಿ, ಬೂಟುಗಳನ್ನು ಬದಲಿಸಲು ಹೇಳಬೇಕು.

ಆಟಗಳ ಕಡೆ ತಿರುಗುವಾಗ ಮನೆಯಲ್ಲಿ ಬರೆದಿಟ್ಟ ಎತ್ತರ ನೆನಪಿರಲಿ. ಪ್ರತಿ ಆಟದ ಮುಂದೆ ಅಳತೆಯ ಫಲಕವಿರುತ್ತದೆ. 1 ಮೀಟರ್, 1.20 ಮೀಟರ್, 1.40 ಮೀಟರ್ ಎಂಬವು ಪದೇಪದೇ ಕಾಣುವ ಗೆರೆಗಳು. ಇಷ್ಟು ಎತ್ತರವಿದ್ದರೆ ಒಂಟಿಯಾಗಿ, ಇಷ್ಟಿದ್ದರೆ ದೊಡ್ಡವರ ಜೊತೆಯಲ್ಲಿ ಎಂದು ಎರಡು ಸಾಲು ಇರುವುದೂ ಉಂಟು. ಸುರಕ್ಷಾ ಸಲಾಕೆ ಮೈಗೆ ಸರಿಯಾಗಿ ಕೂರಲು ಒಂದು ಅಳತೆಯ ಮೈಕಟ್ಟು ಬೇಕಾಗುವುದರಿಂದ ಈ ಗೆರೆಗಳನ್ನು ಹಾಕಿರುತ್ತಾರೆ. ಎರಡು ಸೆಂಟಿಮೀಟರ್ ಕಡಿಮೆಯಿರುವ ಮಗುವಿಗಾಗಿ ಅಲ್ಲಿನ ಸಿಬ್ಬಂದಿಯೊಡನೆ ವಾದಿಸುವುದರಲ್ಲಿ ಫಲವಿಲ್ಲ, ಮರ್ಯಾದೆಯೂ ಇಲ್ಲ. ಮಗುವಿಗೆ ಹತ್ತಲಾಗದ ಆಟದ ಹೆಸರನ್ನು ದಾರಿಯಲ್ಲಿ ಎತ್ತದಿರುವುದು ಅದಕ್ಕಿಂತ ಜಾಣತನ.

ಬೆಟ್ಟದ ಉದ್ಯಾನಗಳಲ್ಲಿ ತಪ್ಪಿಸಿಕೊಳ್ಳಬಾರದ್ದು ಬೇಸಿಗೆಯ ಜಾರುಬಂಡಿ, ಅಂದರೆ ‘ಸೊಮ್ಮರ್‌ರೋಡೆಲ್‌ಬಾನ್’. ಇಳಿಜಾರಿನ ಮೇಲಿನಿಂದ ಉಕ್ಕಿನ ತೊಟ್ಟಿಯಲ್ಲೋ ಹಳಿಯ ಮೇಲೋ ಒಂದು ಪುಟ್ಟ ಬಂಡಿಯಲ್ಲಿ ಕುಳಿತು ಜಾರಿಬರುವ ಈ ಆಟದಲ್ಲಿ ವೇಗ ನಮ್ಮ ಕೈಯಲ್ಲೇ ಇರುತ್ತದೆ: ಸನ್ನೆಯನ್ನು ಮುಂದಕ್ಕೆ ಒತ್ತಿದರೆ ಓಟ, ಹಿಂದಕ್ಕೆ ಎಳೆದರೆ ಬ್ರೇಕು. ಸಾಮಾನ್ಯವಾಗಿ ಎಂಟು ವರ್ಷದೊಳಗಿನ ಮಕ್ಕಳು ದೊಡ್ಡವರ ಮುಂದೆ ಕುಳಿತೇ ಬರಬೇಕು. ಇಲ್ಲಿ ಆಗುವ ಹೆಚ್ಚಿನ ಪೆಟ್ಟುಗಳಿಗೆ ಮುಂದಿನ ಬಂಡಿಗೆ ಡಿಕ್ಕಿ ಹೊಡೆಯುವುದೇ ಕಾರಣವಾದ್ದರಿಂದ, ಮುಂದಿನವರು ಸಾಕಷ್ಟು ದೂರ ಹೋದ ಮೇಲೆಯೇ ಹೊರಡಬೇಕು, ಫೋಟೋ ತೆಗೆಯಲೆಂದು ನಡುವೆ ನಿಲ್ಲಿಸಬಾರದು. ತೊಟ್ಟಿ ಒದ್ದೆಯಾದರೆ ಬ್ರೇಕು ಹಿಡಿಯದ ಕಾರಣ ಮಳೆ ಬಂದೊಡನೆ ಇದನ್ನು ನಿಲ್ಲಿಸಿಬಿಡುತ್ತಾರೆ. ಆದ್ದರಿಂದ ಮೋಡ ಕವಿದ ದಿನ ಆಟಗಳ ಪೈಕಿ ಇದನ್ನೇ ಮೊದಲು ಮುಗಿಸಿಕೊಳ್ಳಿ. ನೀರಿನ ಜಾರುದೋಣಿಗೆ ಮಳೆಯಿಂದ ನಷ್ಟವೇನಿಲ್ಲ.

ಮಧ್ಯಾಹ್ನದ ಮೂರು ಗಂಟೆಯ ಸುಮಾರಿಗೆ ಸಾಲುಗಳು ಕರಗತೊಡಗುತ್ತವೆ. ಬೆಳಿಗ್ಗೆ ಬಿಟ್ಟುಹೋದ ಆಟಗಳಿಗೆ ಅದು ಸರಿಯಾದ ಹೊತ್ತು. ಮುಚ್ಚುವ ಮುಂಚಿನ ಅರ್ಧ ಗಂಟೆಯನ್ನು ಮತ್ತೆ ಜಿಂಕೆಗಳಿಗೆ ಇಟ್ಟುಕೊಂಡರೆ, ಬಿಸಿಲಿಳಿದು ಅವು ಎದ್ದು ಓಡಾಡುವುದನ್ನು ನೋಡಬಹುದು.

ಮರಳುವಾಗ ಕಾರು ಓಡಿಸುವವರು ಮಬ್ಬುಗತ್ತಲಿನಲ್ಲಿ ಜಾಗರೂಕರಾಗಿರಬೇಕು. ಜರ್ಮನಿಯ ಹಳ್ಳಿಗಾಡಿನ ರಸ್ತೆಗಳಲ್ಲಿ ಗಂಟೆಗೆ 100 ಕಿಲೋಮೀಟರ್ ವೇಗಕ್ಕೆ ಅನುಮತಿಯಿದ್ದರೂ, ಕಾಡು ಮತ್ತು ಹೊಲ ಕೂಡುವಲ್ಲಿ ಸಂಜೆ ಹೊತ್ತು ಜಿಂಕೆಗಳು ಥಟ್ಟನೆ ಅಡ್ಡ ಬರುತ್ತವೆ, ಒಂದರ ಹಿಂದೆ ಇನ್ನೊಂದು ಇದ್ದೇ ಇರುತ್ತದೆ. ಡಿಕ್ಕಿಯಾದರೆ ಎಚ್ಚರಿಕೆಯ ದೀಪ ಹಾಕಿ, ಹೊಳೆಯುವ ಅಂಗಿ ತೊಟ್ಟು, ತ್ರಿಕೋನ ಫಲಕ ಇಟ್ಟು, 110ಕ್ಕೆ ಕರೆಮಾಡಿ ಪೊಲೀಸರಿಗೆ ತಿಳಿಸಬೇಕು; ಯಾರಿಗಾದರೂ ಗಾಯವಾಗಿದ್ದರೆ 112. ಪ್ರಾಣಿಯನ್ನು ಮುಟ್ಟಬಾರದು, ಗಾಡಿಗೆ ಹಾಕಿಕೊಳ್ಳಲಂತೂ ಬಾರದು, ಅದನ್ನು ಕಾನೂನು ಕಳ್ಳಬೇಟೆಯೆಂದು ಪರಿಗಣಿಸುತ್ತದೆ. ವಿಮೆಯ ಹಣಕ್ಕೆ ಬೇಕಾಗುವ ಅಪಘಾತದ ದೃಢೀಕರಣ ಪತ್ರವನ್ನು ಅಲ್ಲೇ ಕೇಳಿ ಪಡೆಯಬೇಕು.

ಮನೆ ಸೇರಿದ ಮೇಲೆ ಮಕ್ಕಳು ಎಷ್ಟೇ ದಣಿದಿದ್ದರೂ ಸ್ನಾನ ಮಾಡಿಸಿ ಉಣುಗುಗಳಿಗಾಗಿ ಮೈ ಪರೀಕ್ಷಿಸಬೇಕು. ಹುಲ್ಲು, ಪೊದೆಗಳಿಂದ ಹತ್ತುವ ಈ ಪುಟ್ಟ ಜೀವಿಗಳು ಮಂಡಿಯ ಹಿಂಭಾಗ, ತೊಡೆಸಂದು, ಕಂಕುಳು, ಕಿವಿಯ ಹಿಂದೆ, ಕೂದಲಂಚಿನಲ್ಲಿ ಕಚ್ಚಿಕೊಂಡಿರುತ್ತವೆ. ಕಂಡರೆ ಎಣ್ಣೆ, ಅಂಟು ಏನನ್ನೂ ಹಚ್ಚದೆ, ಚೂಪಾದ ಚಿಮುಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನಿಧಾನವಾಗಿ ಮೇಲಕ್ಕೆಳೆದು ತೆಗೆಯಬೇಕು. ಅವುಗಳಿಂದ ಹರಡುವ ಮಿದುಳುಜ್ವರವಾದ ಎಫ್‌ಎಸ್‌ಎಂಇಗೆ ಲಸಿಕೆಯಿದೆ. ಬವೇರಿಯಾ ಮತ್ತು ಬಾಡೆನ್-ವ್ಯುರ್ಟೆಂಬೆರ್ಗ್‌ನ ಬಹುಭಾಗ ಅದರ ಅಪಾಯವಲಯವಾದ್ದರಿಂದ ಅಲ್ಲಿ ನೆಲೆಸಿರುವವರು ಮಕ್ಕಳ ವೈದ್ಯರಲ್ಲಿ ಆ ಕುರಿತು ಕೇಳಬೇಕು. ಲೈಮ್ ರೋಗಕ್ಕೆ ಅಂಥ ಲಸಿಕೆ ಬಳಕೆಯಲ್ಲಿಲ್ಲ, ಆದರೆ ಬೇಗ ಗುರುತಿಸಿದರೆ ಪ್ರತಿಜೀವಕ ಔಷಧದಿಂದ ವಾಸಿಯಾಗುತ್ತದೆ. ಕಚ್ಚಿದ ಜಾಗವನ್ನು ಪೆನ್ನಿನಿಂದ ಗುರುತು ಹಾಕಿ, ದಿನಾಂಕ ಬರೆದಿಟ್ಟುಕೊಂಡು, ಮುಂದಿನ ಕೆಲವು ವಾರಗಳಲ್ಲಿ ಅಲ್ಲಿ ಹರಡುವ ಕೆಂಪು ವೃತ್ತ ಕಾಣಿಸಿದರೆ ಅಥವಾ ಜ್ವರ ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು.